ಕೀಟನಾಶಕಗಳೂ ಸಿಹಿನೀರಿನ ಮೀನುಗಳೂ

ಕೆರೆಯಲ್ಲಿ ಮೀನು ಸತ್ತು ತೇಲಿದ ದಿನ ಊರಿನಲ್ಲಿ ಎರಡು ಬಗೆಯ ಮಾತು ಹುಟ್ಟುವುದನ್ನು ನಾವೆಲ್ಲರೂ ಕೇಳಿರುತ್ತೇವೆ. "ಯಾರೋ ಆಗದವರು ರಾತ್ರಿ ಎಣ್ಣೆ ಸುರುವಿ ಹೋಗಿದ್ದಾರೆ" ಎಂಬುದು ಒಂದು. "ಮೋಡ ಮುಚ್ಚಿತ್ತು, ನೀರು ಕೆಟ್ಟಿತು" ಎಂಬುದು ಮತ್ತೊಂದು. ಕೆರೆಯನ್ನು ಗುತ್ತಿಗೆ ಹಿಡಿದು, ಸಾಲ ಮಾಡಿ ಮರಿ ಬಿಟ್ಟವನಿಗೆ ಮೊದಲನೆಯ ಮಾತೇ ನಿಜವೆನಿಸುವುದು. ದಂಡೆಯ ಮೇಲೆ ಹೊಲವಿರುವವನಿಗೆ ಎರಡನೆಯದು. ಜಗಳ ಕಟ್ಟೆಯವರೆಗೆ ಹೋಗುವುದು, ಒಮ್ಮೊಮ್ಮೆ ಠಾಣೆಯವರೆಗೂ ಹೋಗುವುದು. ಆದರೆ ಮೂರನೆಯದೊಂದು ಸಾಧ್ಯತೆ ಉಂಟು. ಯಾರೂ ಹಗೆಯಿಂದ ಏನನ್ನೂ ಸುರುವಿಲ್ಲ. ಬೆಳೆ ಉಳಿಯಲೆಂದು ಹೊಲಕ್ಕೆ ಹೊಡೆದದ್ದೇ ಮಳೆಯ ನೀರಿನೊಡನೆ ಹಳ್ಳಕ್ಕಿಳಿದು, ಹಳ್ಳದಿಂದ ಕೆರೆಗೆ ಬಂದಿದೆ. ಈ ಮೂರನೆಯದನ್ನು ಕುರಿತು ತಿಳಿದಷ್ಟನ್ನು ಇಲ್ಲಿ ಬರೆದಿದೆ. ಕಲಾ ವಿಭಾಗದ ಮಿತ್ರರು ಇದು ಪ್ರಾಣಿಶಾಸ್ತ್ರದವರ ಪಾಠವೆಂದು ಪುಟ ಮಗುಚಬಾರದಾಗಿ ಕೋರುತ್ತೇನೆ. ನಮ್ಮಲ್ಲಿ ಬಹುಮಂದಿ ಪಂಪು ಹೊರುವ ಮನೆಗಳಿಂದಲೇ ಬಂದವರು.

ನಮ್ಮ ಹಗರಿಬೊಮ್ಮನಹಳ್ಳಿ ತಾಲ್ಲೂಕು ಬಯಲುಸೀಮೆ, ಮಳೆ ಕಡಮೆ. ಆದರೂ ನೀರಿಲ್ಲದ ನಾಡೇನೂ ಅಲ್ಲ. ಒಂದು ಕಡೆ, ೧೯೫೩ರಲ್ಲಿ ಕಟ್ಟಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಹಿನ್ನೀರು. ಇನ್ನೊಂದು ಕಡೆ ಮಾಲವಿ ಜಲಾಶಯ. ನಡುವೆ ಅಂಕಸಮುದ್ರದಂಥ ಹಳೆಯ ಕೆರೆಗಳು. ಹಿನ್ನೀರಿನಲ್ಲಿ ಹರಿಗೋಲು ಹಾಕಿ ಬಲೆ ಬಿಟ್ಟು ಬದುಕುವ ಬೆಸ್ತರ ಮನೆಗಳು ಹಲವು. ಅವರ ಬಲೆಗೆ ಬೀಳುವ ಮೀನುಗಳಲ್ಲಿ ಗೆಂಡೆ, ಬಾಳೆಮೀನು, ಹಾವುಮೀನುಗಳು ಈ ಹೊಳೆಯವೇ. ಕಾಟ್ಲಾ, ರೋಹು, ಮೃಗಾಲ್‌ಗಳು ಗಂಗೆಯ ಬಯಲಿನಿಂದ ತಂದು ಬಿಟ್ಟು ಬೆಳೆಸಿದವು. ಈ ನೀರಿನ ಸುತ್ತ ಮೆಕ್ಕೆಜೋಳ, ಹತ್ತಿ, ಈರುಳ್ಳಿ, ದಾಳಿಂಬೆಗಳ ಹೊಲಗಳು. ಕೆರೆಯೆಂದರೆ ಊರಿನ ತಗ್ಗು. ಮೇಲಿನ ಹೊಲದಲ್ಲಿ ಏನು ಚೆಲ್ಲಿದರೂ ಇಂದಲ್ಲ ನಾಳೆ ಅಲ್ಲಿಗೆ ಬರಲೇಬೇಕು.

ನಮ್ಮ ಕಡೆ ಕೀಟನಾಶಕಕ್ಕೆ ವಿಷವೆಂಬ ಹೆಸರೇ ಇಲ್ಲ. "ಎಣ್ಣೆ ಹೊಡೆಯುವುದು" ಎನ್ನುವರು, ಇಲ್ಲವೆ "ಔಷಧ ಹೊಡೆಯುವುದು" ಎನ್ನುವರು. ಗಿಡದ ಮಟ್ಟಿಗೆ ಅದು ಔಷಧವೇ ಸರಿ. ಹುಳುವಿನ ಮಟ್ಟಿಗೆ ವಿಷ. ಮೀನಿನ ಮಟ್ಟಿಗೆ ಏನು ಎಂಬುದೇ ನಮ್ಮ ಪ್ರಶ್ನೆ.

ಮೊದಲು ಮೀನು ಉಸಿರಾಡುವ ಬಗೆಯನ್ನು ನೋಡಬೇಕು. ಒಂದು ಲೀಟರ್ ಗಾಳಿಯಲ್ಲಿ ಸುಮಾರು ೨೧೦ ಮಿಲಿಲೀಟರ್ ಆಮ್ಲಜನಕ ಉಂಟು. ನಮ್ಮ ಸೀಮೆಯ ಬೆಚ್ಚನೆಯ ಕೆರೆಯ ಒಂದು ಲೀಟರ್ ನೀರಿನಲ್ಲಿ ಕರಗಿರುವುದು ಹೆಚ್ಚೆಂದರೆ ಸುಮಾರು ೬ ಮಿಲಿಲೀಟರ್. ಆದುದರಿಂದ ಅಷ್ಟೇ ಆಮ್ಲಜನಕವನ್ನು ಪಡೆಯಲು ಮೀನು ಮೂವತ್ತು ನಲವತ್ತು ಪಟ್ಟು ನೀರನ್ನು ತನ್ನ ಕಿವಿರುಗಳ ಮೇಲೆ ಹಾಯಿಸಬೇಕಾಗುವುದು. ಕಿವಿರಿನ ಪೊರೆ ಅತ್ಯಂತ ತೆಳುವು; ಅದರ ಆಚೆಗೆ ರಕ್ತ, ಈಚೆಗೆ ನೀರು. ನೀರಿನಲ್ಲಿ ಯಾವುದಾದರೊಂದು ಪದಾರ್ಥ ಎಷ್ಟೇ ತೆಳುವಾಗಿ ಬೆರೆತಿದ್ದರೂ, ಅದು ಕೊಬ್ಬಿನಲ್ಲಿ ಕರಗುವ ಜಾತಿಯದಾದರೆ, ಹಗಲಿರುಳೂ ಆ ಪೊರೆಯನ್ನು ದಾಟಿ ಒಳಗೆ ಸೇರುತ್ತಲೇ ಇರುವುದು. ಹೊಲದಲ್ಲಿ ದುಡಿಯುವ ಮನುಷ್ಯ ಸಂಜೆ ಕೈಕಾಲು ತೊಳೆದು ಮನೆಗೆ ಬರಬಲ್ಲನು. ಮೀನಿಗೆ ಅದೇ ಮನೆ.

ಕೀಟನಾಶಕಗಳಲ್ಲಿ ಮೂರು ತಲೆಮಾರುಗಳನ್ನು ಸ್ಥೂಲವಾಗಿ ಗುರುತಿಸಬಹುದು. ಮೊದಲನೆಯದು ಡಿ.ಡಿ.ಟಿ.ಯ ಕುಲ. ಡಿ.ಡಿ.ಟಿ.ಗೆ ಹುಳು ಕೊಲ್ಲುವ ಗುಣವಿದೆಯೆಂದು ಸ್ವಿಟ್ಜರ್ಲೆಂಡಿನ ಪಾಲ್ ಮ್ಯೂಲರ್ ೧೯೩೯ರಲ್ಲಿ ಕಂಡುಹಿಡಿದು, ೧೯೪೮ರಲ್ಲಿ ನೊಬೆಲ್ ಬಹುಮಾನ ಪಡೆದನು. ಬಿ.ಎಚ್.ಸಿ., ಎಂಡ್ರಿನ್, ಎಂಡೋಸಲ್ಫಾನ್ ಇದರ ದಾಯಾದಿಗಳು. ಇವು ಬೇಗ ಒಡೆದು ಹೋಗುವುದಿಲ್ಲ, ಕೊಬ್ಬಿನಲ್ಲಿ ಕೂಡಿಕೊಳ್ಳುತ್ತವೆ. ನಮ್ಮ ದೇಶದಲ್ಲಿ ಡಿ.ಡಿ.ಟಿ.ಯನ್ನು ಬೇಸಾಯಕ್ಕೆ ಬಳಸುವುದು ೧೯೮೯ರಲ್ಲಿ ನಿಂತಿತು, ಬಿ.ಎಚ್.ಸಿ. ೧೯೯೭ರಲ್ಲಿ ನಿಷಿದ್ಧವಾಯಿತು. ಎರಡನೆಯ ತಲೆಮಾರು ಪ್ಯಾರಾಥಿಯಾನ್, ಮೆಲಾಥಿಯಾನ್, ಕ್ಲೋರ್‌ಪೈರಿಫಾಸ್ ಮೊದಲಾದ ರಂಜಕದ ಸಂಯುಕ್ತಗಳು. ನರದಿಂದ ಸ್ನಾಯುವಿಗೆ ಸಂದೇಶ ಒಯ್ಯುವ ಅಸೆಟೈಲ್‌ಕೋಲಿನ್ ಎಂಬ ವಸ್ತುವನ್ನು, ಅದರ ಕೆಲಸ ಮುಗಿದೊಡನೆ ಒಡೆಯುವ ಕಿಣ್ವವೊಂದು ನಮ್ಮಲ್ಲಿಯೂ ಮೀನಿನಲ್ಲಿಯೂ ಹುಳುವಿನಲ್ಲಿಯೂ ಒಂದೇ ಬಗೆಯದಾಗಿದೆ. ಈ ವಿಷಗಳು ಆ ಕಿಣ್ವವನ್ನು ಕಟ್ಟಿಹಾಕುತ್ತವೆ. ಸಂದೇಶ ನಿಲ್ಲುವುದೇ ಇಲ್ಲ. ಸ್ನಾಯು ಸೆಟೆದು ಉಸಿರು ಕಟ್ಟುವುದು.

ಮೂರನೆಯ ತಲೆಮಾರು ಪೈರೆಥ್ರಾಯ್ಡುಗಳದು. ಇದರ ಮೂಲ ಸೇವಂತಿಗೆಯ ಜಾತಿಯ ಒಂದು ಹೂವು. ಆ ಹೂವಿನ ಪುಡಿ ಹುಳುಗಳನ್ನು ಕೊಲ್ಲುವುದೆಂದು ಹಿಂದಿನಿಂದಲೂ ತಿಳಿದಿತ್ತು. ಬಿಸಿಲಿಗೆ ಬೇಗ ಕೆಡುತ್ತಿದ್ದ ಆ ಸಾರವನ್ನು ಅನುಸರಿಸಿ, ಬಿಸಿಲನ್ನು ತಾಳಬಲ್ಲ ಸೈಪರ್‌ಮೆಥ್ರಿನ್, ಫೆನ್‌ವಲರೇಟ್, ಡೆಲ್ಟಾಮೆಥ್ರಿನ್‌ಗಳನ್ನು ರಸಾಯನಶಾಸ್ತ್ರಜ್ಞರು ಮಾಡಿದರು. ಇವು ನರತಂತುವಿನ ಸೋಡಿಯಂ ಬಾಗಿಲನ್ನು ಮುಚ್ಚಗೊಡುವುದಿಲ್ಲ. ನರ ಒಂದೇ ಸಮನೆ ಮಿಡಿಯುತ್ತ ದಣಿಯುವುದು. ಡಿ.ಡಿ.ಟಿ.ಯಂತೆ ಇವು ವರ್ಷಗಟ್ಟಲೆ ಉಳಿಯುವುದಿಲ್ಲ, ಮನುಷ್ಯನ ಪಿತ್ತಜನಕಾಂಗ ಇವನ್ನು ಬೇಗ ಒಡೆಯಬಲ್ಲುದು. ಹೀಗಾಗಿ ಇವು ಬಂದಾಗ ಎಲ್ಲರೂ ನಿಟ್ಟುಸಿರುಬಿಟ್ಟರು. ನಿಟ್ಟುಸಿರು ಬಿಡದಿದ್ದುದು ಮೀನೊಂದೇ.

ಅದು ಹೇಗೆ? ವಿಜ್ಞಾನಿಗಳು ಇದನ್ನು ಅಳೆಯುವ ಕ್ರಮ ಸರಳವಾದದ್ದು. ಒಂದೇ ಅಳತೆಯ ಮೀನಿನ ಮರಿಗಳನ್ನು ಕೆಲವು ದಿನ ತೊಟ್ಟಿಯಲ್ಲಿಟ್ಟು ಪಳಗಿಸಿ, ಹತ್ತು ಹತ್ತರಂತೆ ಬೇರೆ ಬೇರೆ ತೊಟ್ಟಿಗಳಿಗೆ ಬಿಡುವರು. ಒಂದೊಂದರಲ್ಲಿ ವಿಷದ ಪ್ರಮಾಣ ಒಂದೊಂದು. ಒಂದರಲ್ಲಿ ಬರಿಯ ನೀರು. ೯೬ ಗಂಟೆಗಳಲ್ಲಿ ಅರ್ಧದಷ್ಟು ಮೀನುಗಳನ್ನು ಕೊಲ್ಲುವ ಪ್ರಮಾಣಕ್ಕೆ ಎಲ್.ಸಿ. ೫೦ ಎಂದು ಹೆಸರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೂ ರೋಹು, ಮೃಗಾಲ್ ಮರಿಗಳ ಮೇಲೆ ಫೆನ್‌ವಲರೇಟ್, ಸೈಪರ್‌ಮೆಥ್ರಿನ್‌ಗಳ ಇಂಥ ಪರೀಕ್ಷೆಗಳು ನಡೆದಿವೆ. ತೊಟ್ಟಿಯ ಮುಂದೆ ಕುಳಿತವರಿಗೆ ಕಾಣುವ ದೃಶ್ಯ ಸುಮಾರಾಗಿ ಹೀಗಿರುವುದು. ಮರಿಗಳು ಮೊದಲು ಗಾಬರಿಯಿಂದ ಅತ್ತಿತ್ತ ನುಗ್ಗುತ್ತವೆ, ನೀರಿನಿಂದ ಮೇಲಕ್ಕೆ ನೆಗೆಯುತ್ತವೆ. ಗುಂಪು ಚೆದರುವುದು. ಕಿವಿರುಮುಚ್ಚಳದ ಬಡಿತ ಹೆಚ್ಚುವುದು. ಮೈಯಿಂದಲೂ ಕಿವಿರಿನಿಂದಲೂ ಲೋಳೆ ಒಸರಿ ಕಿವಿರಿನ ಎಸಳುಗಳನ್ನು ಮುಚ್ಚುವುದು. ಬರಬರುತ್ತ ಮರಿ ತೋಲ ತಪ್ಪಿ, ಪಕ್ಕಕ್ಕೆ ವಾಲಿ, ಸುತ್ತು ಹೊಡೆದು, ತಳಕ್ಕೆ ಇಳಿಯುವುದು.

ಗೆಂಡೆಯ ಜಾತಿಯ ಮೀನುಗಳಿಗೆ ಮೆಲಾಥಿಯಾನ್‌ನ ಮಾರಕ ಪ್ರಮಾಣ ಲೀಟರಿಗೆ ಮಿಲಿಗ್ರಾಂಗಳ ಲೆಕ್ಕದಲ್ಲಿದೆ. ಸೈಪರ್‌ಮೆಥ್ರಿನ್ ಆದರೆ ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಸಾಕು, ಅಂದರೆ ಸಾವಿರದಲ್ಲೊಂದು ಪಾಲು. ಹಳೆಯ ತಲೆಮಾರಿನ ಎಂಡೋಸಲ್ಫಾನ್ ಕೂಡ ಇಂಥದೇ ಘೋರ. ಕೆಲವು ಮೀನುಗಳಿಗೆ ಲೀಟರಿಗೆ ಸುಮಾರು ಒಂದು ಮೈಕ್ರೋಗ್ರಾಂ ಮಾರಕ. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. ಲೀಟರಿಗೆ ಒಂದು ಮೈಕ್ರೋಗ್ರಾಂ ಎಂದರೆ ನೂರು ಕೋಟಿಯಲ್ಲಿ ಒಂದು ಪಾಲು. ಆ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಎಮ್ಮೆ ಕುಡಿದು ಸುಖವಾಗಿ ಮನೆಗೆ ಹೋಗುವುದು.

ಪೈರೆಥ್ರಾಯ್ಡುಗಳು ಮೀನಿಗೆ ಇಷ್ಟು ಕೆಟ್ಟವಾಗಲು ಕಾರಣಗಳುಂಟು. ಕೊಬ್ಬನ್ನು ಪ್ರೀತಿಸುವ ಈ ಪದಾರ್ಥಗಳನ್ನು ಕಿವಿರು ಬಹು ಬೇಗ ಹೀರುವುದು. ನಮ್ಮ ಪಿತ್ತಜನಕಾಂಗ ಮಾಡುವ ಒಡೆಯುವ ಕೆಲಸವನ್ನು ಮೀನಿನದು ಬಹಳ ನಿಧಾನವಾಗಿ ಮಾಡುವುದು. ಅದರ ನರಮಂಡಲವೂ ಈ ವಿಷಕ್ಕೆ ಸೂಕ್ಷ್ಮ. ಮತ್ತೊಂದು ಸೋಜಿಗವೆಂದರೆ ನೀರು ತಣ್ಣಗಾದಷ್ಟೂ ಇವುಗಳ ತೀಕ್ಷ್ಣತೆ ಹೆಚ್ಚುವುದು. ರಂಜಕದ ವಿಷಗಳಲ್ಲಿ ಸಾಮಾನ್ಯವಾಗಿ ಇದಕ್ಕೆ ವಿರುದ್ಧ.

ಇಲ್ಲಿ ಡಬ್ಬಿಯ ಮೇಲಿನ ಗುರುತಿನ ಮಾತು ಹೇಳಲೇಬೇಕು. ೧೯೫೮ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಬೆರೆತ ಹಿಟ್ಟನ್ನು ಉಂಡು ನೂರಕ್ಕೂ ಹೆಚ್ಚು ಮಂದಿ ಸತ್ತರು. ಆ ದುರಂತದ ಬಳಿಕ ನಡೆದ ವಿಚಾರಣೆಗಳ ಫಲವಾಗಿ ೧೯೬೮ರಲ್ಲಿ ಕೀಟನಾಶಕ ಕಾಯಿದೆಯೂ, ೧೯೭೧ರಲ್ಲಿ ಅದರ ನಿಯಮಗಳೂ ಬಂದವು. ಆ ನಿಯಮದಂತೆ ಪ್ರತಿ ಡಬ್ಬಿಯ ಮೇಲೂ ಒಂದು ಚೌಕ ಓರೆಯಾಗಿ ನಿಂತಿರುವುದು. ಅದರ ಕೆಳಗಿನ ತ್ರಿಕೋನಕ್ಕೆ ಬಣ್ಣ. ಕೆಂಪು ಅತಿ ಘೋರ, ಹಳದಿ ಅದಕ್ಕಿಂತ ಕಡಮೆ, ನೀಲಿ ಮಧ್ಯಮ, ಹಸಿರು ಸೌಮ್ಯ. ಈ ಬಣ್ಣವನ್ನು ಗೊತ್ತುಮಾಡುವುದು ಇಲಿಯಂಥ ಪ್ರಯೋಗಪ್ರಾಣಿಗಳ ಮೇಲಿನ ಮಾರಕ ಪ್ರಮಾಣದಿಂದ. ಬಾಯಿಯ ಮೂಲಕ ಕೊಟ್ಟಾಗ ಕಿಲೋ ತೂಕಕ್ಕೆ ೫೦ ಮಿಲಿಗ್ರಾಮಿನೊಳಗೆ ಕೊಂದರೆ ಕೆಂಪು, ೫೧ರಿಂದ ೫೦೦ರವರೆಗೆ ಹಳದಿ, ೫೦೦೦ದವರೆಗೆ ನೀಲಿ, ಅದರಾಚೆಗೆ ಹಸಿರು. ಮನುಷ್ಯನಿಗೆ ಎಚ್ಚರಿಕೆ ಕೊಡಲು ಇದು ಒಳ್ಳೆಯ ಏರ್ಪಾಡು. ಆದರೆ ಅದರಲ್ಲಿ ಮೀನಿನ ಲೆಕ್ಕವೇ ಇಲ್ಲ! ಕೆಂಪಿನಿಂದ ಹಳದಿಗೆ, ಹಳದಿಯಿಂದ ನೀಲಿಗೆ ಇಳಿದೆವೆಂದು ರೈತನು ಸಮಾಧಾನ ಪಡುವಾಗ ಕೆರೆಯ ಅಪಾಯ ಇಳಿದಿರಬಹುದು, ಏರಿರಲೂಬಹುದು. ಮೀನಿಗೆ ವಿಷಕಾರಿಯೆಂಬ ಮಾತು ಇದ್ದರೂ ಅದು ಡಬ್ಬಿಯೊಳಗಿನ ಮಡಿಸಿದ ಕಾಗದದ ಸಣ್ಣ ಅಕ್ಷರಗಳಲ್ಲಿರುವುದು. ಆ ಕಾಗದ ಬದುವಿನ ಮೇಲೆ ಹಾರಿಹೋಗುವುದನ್ನು ಕಾಣದವರಾರು?

ಒಂದು ಚಿಕ್ಕ ಲೆಕ್ಕ ಹಾಕಿ ನೋಡೋಣ. ಬೆನ್ನಿಗೆ ಹೊರುವ ಪಂಪಿಗೆ ೧೫ ಲೀಟರ್ ನೀರು. ಲೀಟರಿಗೆ ಅರ್ಧ ಮಿಲಿಲೀಟರಿನಂತೆ, ನೂರಕ್ಕೆ ೨೫ರ ಸೈಪರ್‌ಮೆಥ್ರಿನ್ನನ್ನು ಬೆರೆಸಿದರೆ, ಪಂಪಿನಲ್ಲಿ ಇರುವ ನಿಜವಾದ ವಿಷ ಎರಡು ಗ್ರಾಮಿಗಿಂತಲೂ ಕಡಮೆ. ಹೊಡೆದು ಮುಗಿದ ಮೇಲೆ ತಳದಲ್ಲಿ ಅರ್ಧ ಲೀಟರ್ ಉಳಿಯಿತೆನ್ನಿ. ಅದರಲ್ಲಿ ಸುಮಾರು ೬೨ ಮಿಲಿಗ್ರಾಂ ವಿಷ ಉಂಟು. ಸಂಜೆ ಪಂಪನ್ನು ಕೃಷಿಹೊಂಡದಲ್ಲಿ ಅದ್ದಿ ತೊಳೆದರೆ, ಆ ೬೨ ಮಿಲಿಗ್ರಾಂ ೧೦ ಮೀಟರ್ ಉದ್ದ, ೬ ಮೀಟರ್ ಅಗಲ, ೧ ಮೀಟರ್ ಆಳದ ನೀರನ್ನೆಲ್ಲ ಲೀಟರಿಗೆ ಒಂದು ಮೈಕ್ರೋಗ್ರಾಂ ಮಟ್ಟಕ್ಕೆ ತರುವುದು. ಹೊಲಕ್ಕೆ ಹೊಡೆದದ್ದಲ್ಲ, ತೊಳೆದು ಚೆಲ್ಲಿದ್ದು ಇಷ್ಟು.

ಈ ಲೆಕ್ಕವನ್ನು ಇದ್ದಂತೆಯೇ ನಂಬುವುದೂ ತಪ್ಪು. ಪೈರೆಥ್ರಾಯ್ಡುಗಳು ಮಣ್ಣಿನ ಕಣಕ್ಕೆ ಬಲವಾಗಿ ಅಂಟಿಕೊಳ್ಳುವ ಸ್ವಭಾವದವು. ಗಾಜಿನ ತೊಟ್ಟಿಯ ತಿಳಿನೀರಿನಲ್ಲಿ ಕೊಲ್ಲುವಷ್ಟು ವಿಷ, ನಮ್ಮ ಕೆರೆಗಳ ಕೆಂಪು ಬಗ್ಗಡದಲ್ಲಿ ಕೊಲ್ಲದೆ ಹೋಗಬಹುದು. ಬಹುಪಾಲು ಕಣಗಳೊಡನೆ ತಳಕ್ಕಿಳಿಯುವುದು. ಆದರೆ ಕೆಸರಿನಲ್ಲಿ ಮೂತಿ ತೂರಿಸಿ ಮೇಯುವ ಮೃಗಾಲ್ ಮತ್ತು ಗೆಂಡೆಗಳು ಇರುವುದೂ ಆ ತಳದಲ್ಲಿಯೇ. ತುಂಗಭದ್ರೆಯಲ್ಲಿ ಬರುವ ಹೂಳು ಎಷ್ಟೆಂಬುದು ನಮಗೆ ಗೊತ್ತು: ೧೩೩ ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯ ಈಗ ಹಿಡಿಯುವುದು ಸುಮಾರು ೧೦೫. ಆ ಹೂಳು ಮಲೆನಾಡಿನಿಂದ ಇಲ್ಲಿಯವರೆಗಿನ ಹೊಲ ತೋಟಗಳ ಮೇಲ್ಮಣ್ಣು.

ಕಾಲವೂ ಮೀನಿಗೆ ಅನುಕೂಲವಾಗಿಲ್ಲ. ಹೊಸ ನೀರು ಬಂದಾಗ ಮೀನು ಹಳ್ಳವೇರಿ ಮೊಟ್ಟೆಯಿಡುವುದು. ಮುಂಗಾರಿನ ತಿಂಗಳುಗಳೇ ಮರಿಗಳ ಕಾಲ. ಹೊಲದಲ್ಲಿ ಪಂಪು ಓಡಾಡುವುದೂ ಆಗಲೇ. ೨೦೧೮ರ ಮೇ ತಿಂಗಳಲ್ಲಿ ಅಮೆರಿಕ ಮೂಲದ ಸೈನಿಕ ಹುಳು ಭಾರತದಲ್ಲಿ ಮೊತ್ತಮೊದಲು ಕಂಡುಬಂದುದು ನಮ್ಮ ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಆ ಮೇಲೆ ಮೆಕ್ಕೆಜೋಳಕ್ಕೂ, ಸುಳಿ ಬರುವ ಮೊದಲೇ, ಔಷಧ ಹೊಡೆಯುವುದು ವಾಡಿಕೆಯಾಯಿತು. ಮೊಟ್ಟೆಯೊಡೆದ ಮರಿ ದೊಡ್ಡ ಮೀನಿಗಿಂತ ಬಹು ಸೂಕ್ಷ್ಮ. ಅದು ವಿಷದಿಂದ ಉಳಿದರೂ ಹಸಿವಿನಿಂದ ಸಾಯಬಹುದು. ಏಕೆಂದರೆ ಅದರ ಮೊದಲ ತುತ್ತು ನೀರುಚಿಗಟದಂಥ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು. ಕೀಟಗಳ ದೂರದ ನೆಂಟರಾದ ಅವು ಮೀನಿಗಿಂತಲೂ ಮುಂಚೆಯೇ ಸತ್ತಿರುತ್ತವೆ. ಇಂಥ ನಷ್ಟದಲ್ಲಿ ಒಂದು ಮೀನೂ ತೇಲುವುದಿಲ್ಲ. ಎರಡು ವರ್ಷದ ಮೇಲೆ ಬಲೆ ಹಗುರವಾಗುವುದು, ಅಷ್ಟೆ.

ಬದುಕಿ ಉಳಿದ ಮೀನುಗಳ ಸ್ಥಿತಿಯೂ ವಿಚಾರಮಾಡತಕ್ಕದ್ದು. ಮಾರಕವಲ್ಲದ ಪ್ರಮಾಣದಲ್ಲಿ ವಾರಗಟ್ಟಲೆ ಇದ್ದ ಮೀನಿನ ಪಿತ್ತಜನಕಾಂಗದಲ್ಲಿ ಕೂಡಿಟ್ಟ ಗ್ಲೈಕೋಜನ್ ಕರಗಿರುವುದು, ಕಿವಿರಿನ ಎಸಳುಗಳು ಊದಿ ಬೆಸೆದಿರುವುದು, ಅಂಡಾಶಯದಲ್ಲಿ ಮೊಟ್ಟೆಗಳು ಬಲಿಯದೆ ಹೋಗುವುದು ಪ್ರಯೋಗಗಳಲ್ಲಿ ಕಂಡಿದೆ. ಅದು ಮಂಕಾಗಿ ಮೇಲ್ನೀರಿನಲ್ಲಿ ತೇಲಾಡುವುದು. ಕೊಕ್ಕರೆಗೆ ಅಂಥದೇ ಸುಲಭದ ತುತ್ತು.

ಕೊಕ್ಕರೆಯ ಮಾತು ಬಂದುದರಿಂದ ದೂರದ ಒಂದು ಸರೋವರದ ಕಥೆಯನ್ನು ಹೇಳಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದ ಕ್ಲಿಯರ್ ಲೇಕ್ ಎಂಬಲ್ಲಿ ಸಣ್ಣ ನುಸಿಗಳ ಕಾಟ ಕಳೆಯಲೆಂದು ೧೯೪೯ರಲ್ಲಿ ಡಿ.ಡಿ.ಟಿ.ಯ ತಂಗಿಯಾದ ಡಿ.ಡಿ.ಡಿ.ಯನ್ನು ನೀರಿಗೆ ಹಾಕಿದರು, ಏಳು ಕೋಟಿಗೆ ಒಂದು ಪಾಲಿನಂತೆ. ೧೯೫೪ರಲ್ಲಿಯೂ ೧೯೫೭ರಲ್ಲಿಯೂ ಮತ್ತೆ ಹಾಕಿದರು. ನೀರಿನಲ್ಲಿ ಅದು ಲೆಕ್ಕಕ್ಕೆ ಸಿಗದಷ್ಟು ತೆಳುವಾಗಿತ್ತು. ಆದರೆ ಅಲ್ಲಿ ಮೀನು ತಿಂದು ಬದುಕುತ್ತಿದ್ದ, ನಮ್ಮ ಗುಳುಮುಳುಕದ ಜಾತಿಯ ದೊಡ್ಡ ಹಕ್ಕಿಗಳು ಸತ್ತು ಬೀಳತೊಡಗಿದಾಗ ಅವುಗಳ ಕೊಬ್ಬನ್ನು ಪರೀಕ್ಷಿಸಿದರು. ಹತ್ತು ಲಕ್ಷಕ್ಕೆ ೧೬೦೦ ಪಾಲು ಡಿ.ಡಿ.ಡಿ. ಇತ್ತು! ನೀರಿನಿಂದ ಪಾಚಿಗೆ, ಪಾಚಿಯಿಂದ ಸಣ್ಣ ಜೀವಿಗೆ, ಅದರಿಂದ ಮೀನಿಗೆ, ಮೀನಿನಿಂದ ಹಕ್ಕಿಗೆ ಏರುತ್ತ ಹೋದಂತೆ ವಿಷ ಮಂದವಾಗುತ್ತ ಹೋಗಿತ್ತು. ರೇಚೆಲ್ ಕಾರ್ಸನ್ ೧೯೬೨ರ ತನ್ನ ಹೆಸರಾಂತ ಗ್ರಂಥದಲ್ಲಿ ಈ ಸಂಗತಿಯನ್ನು ಬರೆದ ಮೇಲೆ ಲೋಕಕ್ಕೆ ಇದು ತಿಳಿಯಿತು.

ನಮ್ಮ ಅಂಕಸಮುದ್ರಕ್ಕೆ ಇದನ್ನು ಹೋಲಿಸಿ ನೋಡಬೇಕು. ಸುಮಾರು ೯೮ ಹೆಕ್ಟೇರಿನ ಆ ಕೆರೆ ಪಕ್ಷಿಸಂರಕ್ಷಿತ ಪ್ರದೇಶವಾಗಿ, ೨೦೨೪ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಜಾಲಿಮರಗಳ ಮೇಲೆ ಬಣ್ಣದ ಕೊಕ್ಕರೆಗಳೂ ಕರಿತಲೆಯ ಕೆಂಬರಲುಗಳೂ ಗೂಡು ಕಟ್ಟುತ್ತವೆ. ನೀರಿನಲ್ಲಿ ೪೧ ಜಾತಿಯ ಮೀನುಗಳನ್ನು ಲೆಕ್ಕ ಹಾಕಿರುವರು. ಇಂದಿನ ಪೈರೆಥ್ರಾಯ್ಡುಗಳು ಡಿ.ಡಿ.ಡಿ.ಯಂತೆ ಹಂತಹಂತವಾಗಿ ಏರಿ ಕೂಡುವ ಜಾತಿಯವಲ್ಲವಾದುದರಿಂದ ಕ್ಲಿಯರ್ ಲೇಕಿನಂಥ ಸಾವನ್ನು ಇಲ್ಲಿ ನಿರೀಕ್ಷಿಸಬೇಕಾಗಿಲ್ಲ. ಆದರೆ ಮರಿಮೀನೇ ಇಲ್ಲದ ಕೆರೆಯಲ್ಲಿ ಕೊಕ್ಕರೆ ತನ್ನ ಮರಿಗೆ ಏನನ್ನು ತಂದುಕೊಡಬೇಕು?

ಕನ್ನಡಿಗರಿಗೆ ಹತ್ತಿರದ ಉದಾಹರಣೆ ಬೇಕಾದರೆ ಕಾಸರಗೋಡಿನ ಪಡ್ರೆ ಗ್ರಾಮವಿದೆ. ಅಲ್ಲಿ ಗುಡ್ಡಗಳ ನೆತ್ತಿಯ ಮೇಲೆ ಸರಕಾರಿ ಒಡೆತನದ ಗೇರುತೋಟಗಳು. ತಪ್ಪಲಲ್ಲಿ ಕನ್ನಡ, ತುಳು, ಮಲೆಯಾಳ ಆಡುವ ಜನರ ಮನೆ, ಅಡಕೆ ತೋಟ, ಸುರಂಗ, ತೋಡು. ಗೇರಿನ ಹೂವನ್ನು ಕೆಡಿಸುವ ಟೀ ಸೊಳ್ಳೆಯನ್ನು ಕೊಲ್ಲಲು ಎಪ್ಪತ್ತರ ದಶಕದ ಕೊನೆಯಿಂದ ೨೦೦೦ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನನ್ನು ಸಿಂಪಡಿಸಿದರು. ತೋಡಿನ ಮೀನು, ಕಪ್ಪೆಗಳು ಸಾಯುವುದನ್ನೂ ಜೇನು ಇಲ್ಲವಾಗುವುದನ್ನೂ ಊರವರು ಕಂಡು ಹೇಳಿದರು. ಮನುಷ್ಯರ ಕಾಯಿಲೆಗಳ ಕಡೆಗೆ ಲೋಕದ ಗಮನ ಸೆಳೆದವರು ಅಲ್ಲಿಯ ವೈದ್ಯ ಡಾ. ವೈ. ಎಸ್. ಮೋಹನಕುಮಾರ್ ಮತ್ತು ಲೇಖಕ ಶ್ರೀ ಪಡ್ರೆಯವರು. ೨೦೧೧ರ ಮೇ ೧೩ರಂದು ಸರ್ವೋಚ್ಚ ನ್ಯಾಯಾಲಯ ದೇಶದಲ್ಲೆಲ್ಲ ಎಂಡೋಸಲ್ಫಾನನ್ನು ತಡೆಯಿತು. ೨೦೧೭ರಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರಕಾರಕ್ಕೆ ಆಜ್ಞಾಪಿಸಿತು. ಮೀನಿನ ಸಾವನ್ನು ಆಗಲೇ ಯಾರಾದರೂ ದಾಖಲೆ ಮಾಡಿದ್ದರೆ ಎಂದು ನನಗೆ ಅನ್ನಿಸುವುದುಂಟು.

ಇಷ್ಟನ್ನು ಬರೆದ ಮೇಲೆ, ತೇಲಿದ ಮೀನನ್ನೆಲ್ಲ ಕೀಟನಾಶಕದ ತಲೆಗೆ ಕಟ್ಟಬಾರದೆಂದೂ ಹೇಳಬೇಕಾಗಿದೆ. ೧೯೭೫ರಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟ ಮಂಡಿಗಳ ಕೀಲು ಕೆಡುವ ಕಾಯಿಲೆ ಬೆಳಕಿಗೆ ಬಂದಾಗ, ಔಷಧ ಹೊಡೆದ ಗದ್ದೆಯ ಏಡಿ ತಿಂದುದೇ ಕಾರಣವೆಂಬ ಅನುಮಾನ 
ಬಲವಾಗಿತ್ತು. ಮುಂದಿನ ಸಂಶೋಧನೆಗಳು ಅದು ವಂಶಪಾರಂಪರ್ಯವಾಗಿ ಬರುವ ಎಲುಬಿನ ರೋಗವೆಂದು ತೋರಿಸಿದವು. ಕೆರೆಯ ವಿಷಯದಲ್ಲಿಯೂ ಹಾಗೆಯೇ. ಪಾಚಿ ದಟ್ಟವಾದ ಕೆರೆಯಲ್ಲಿ ಮೋಡದ ದಿನ ಕಳೆದ ರಾತ್ರಿ ಆಮ್ಲಜನಕ ತೀರಿಹೋಗುವುದು ಬಹು ಸಾಮಾನ್ಯ. ಆಗ ಮೀನುಗಳು ನಸುಕಿನಲ್ಲಿ ಮೇಲಕ್ಕೆ ಬಂದು ಬಾಯಿ ತೆರೆದು ಗಾಳಿಗೆ ಹಾತೊರೆಯುತ್ತವೆ. ಮೊದಲು ಸಾಯುವುವು ದೊಡ್ಡ ಮೀನುಗಳು, ಸಣ್ಣವು ಉಳಿಯಬಹುದು. ಹೊತ್ತೇರಿದಂತೆ ಸಾವು ನಿಲ್ಲುವುದು. ಕೀಟನಾಶಕವಾದರೆ ಹೊತ್ತಿನ ಗೊಡವೆಯಿಲ್ಲ. ಸಣ್ಣ ಮೀನುಗಳು ಮೊದಲು ಸಾಯುವುವು. ಸಾಯುವ ಮೀನು ಸುತ್ತು ಹೊಡೆಯುವುದು, ನಡುಗುವುದು. ದಡದಲ್ಲಿ ನೀರುಹುಳಗಳೂ ಸೀಗಡಿಗಳೂ ಸತ್ತು ಬಿದ್ದಿರುವುವು. ಹಳ್ಳದ ನೀರು ಕೆರೆಗೆ ಸೇರುವ ಬಾಯಿಯಲ್ಲಿ ಸಾವು ಹೆಚ್ಚಾಗಿ, ದೂರ ಹೋದಂತೆ ಕಡಮೆಯಾಗಿದ್ದರೆ ಅದೂ ಒಂದು ಸಾಕ್ಷಿ. ರಾತ್ರಿ ಯಾರೋ ಸುರುವಿದ್ದರೆ ಸುರುವಿದ ದಂಡೆಯ ಸುತ್ತ ಸಾವು ದಟ್ಟವಾಗಿದ್ದು, ಬಳಿಯಲ್ಲೆಲ್ಲೋ ಡಬ್ಬಿಯೂ ಸಿಕ್ಕುವ ಸಂಭವವುಂಟು. ಇವು ಸೂಚನೆಗಳು ಮಾತ್ರ. ಜಗಳ ತೀರಲು ಪ್ರಯೋಗಾಲಯದ ವರದಿಯೇ ಬೇಕು.

ಅದಕ್ಕೆ ಮಾದರಿ ತೆಗೆಯುವ ಕೆಲಸ ನಮ್ಮಂಥವರಿಂದ ಆಗತಕ್ಕದ್ದು. ಹಳ್ಳದ ಬಾಯಲ್ಲೊಂದು, ಕೆರೆಯ ನಡುವಿನಲ್ಲೊಂದು, ಕೋಡಿಯ ಹತ್ತಿರವೊಂದು, ಹೀಗೆ ಮೂರು ಕಡೆಯ ನೀರನ್ನು ಗಾಜಿನ ಸೀಸೆಯಲ್ಲಿ ಕಂಠಮಟ್ಟ ತುಂಬಿ ಬಿರಡೆ ಹಾಕಬೇಕು. ಪ್ಲಾಸ್ಟಿಕ್ ಬಾಟಲಿ ಕೂಡದು. ಪೈರೆಥ್ರಾಯ್ಡು ಅದರ ಗೋಡೆಗೆ ಅಂಟಿಕೊಂಡು ನೀರಿನಲ್ಲಿ ಸಿಕ್ಕದೆ ಹೋಗುವುದು. ಸೀಸೆಗಳನ್ನು ಬಿಸಿಲಿಗೆ ಹಿಡಿಯದೆ ಬರ್ಫದಲ್ಲಿಡಬೇಕು. ಮೀನನ್ನು ಆರಿಸುವಾಗ ಊದಿ ನಾರುವುದನ್ನು ಬಿಟ್ಟು, ಇನ್ನೂ ಕಿವಿರು ಆಡಿಸುತ್ತಿರುವುದನ್ನು ಇಲ್ಲವೆ ಕಿವಿರಿನ ಕೆಂಪು ಮಾಸದುದನ್ನು ತೆಗೆದು, ಶುದ್ಧವಾದ ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತಿ ಬರ್ಫಕ್ಕೆ ಹಾಕಬೇಕು. ಆದಷ್ಟೂ ಅದೇ ದಿನ ಮೀನುಗಾರಿಕೆ ಇಲಾಖೆಯವರಿಗೆ ಒಪ್ಪಿಸಬೇಕು. ಸೀಸೆಯ ಮೇಲೆ ಅಂಟಿಸುವ ಚೀಟಿಯಲ್ಲಿ ಮೀನು ಮೊದಲು ತೇಲಿದ ಗಂಟೆ, ಹಿಂದಿನ ಎರಡು ದಿನದ ಮಳೆ, ಮೇಲಿನ ಹೊಲಗಳಲ್ಲಿ ಆ ವಾರ ಯಾವ ಡಬ್ಬಿ ತೆರೆದಿದ್ದರು ಎಂಬ ಮೂರೂ ಇರಬೇಕು. ಮೂರನೆಯದನ್ನು ಕೇಳಿ ತಿಳಿಯುವುದೇ ಕಷ್ಟ. ಹೊಲದವರು ನಮ್ಮ ಮನೆಯವರೇ ಆಗಿದ್ದರೆ ಇನ್ನೂ ಕಷ್ಟ.